ಗಡಿಯಾಚೆ ಉಳಿದ ಹೆಸರು

ಮಾವಶಿಯ ಪಾದಗಳು ಒಂದರ ಮೇಲೊಂದು ಮುನಿಸಿಕೊಂಡಿದ್ದವು. ಎಡಗಾಲಿನ ಬೆರಳುಗಳು ಹೈದರಾಬಾದಿನ ಕಡೆ, ಬಲಗಾಲಿನವು ಪುಣೆಯ ಕಡೆ. ಮಹಾರಾಷ್ಟ್ರದ ಗಡಿಯೂರು, ನಮ್ಮ ಉಮರ್ಗಾದ ಹೈವೇ ಪಕ್ಕ ಆಕೆ ನಡೆದು ಬಂದರೆ, ಈಕೆ ಎತ್ತ ಹೊರಟಿದ್ದಾಳೆಂದು ತಿಳಿಯದೆ ನೂರಾರು ಟ್ರಕ್ಕುಗಳು ಬ್ರೇಕ್ ಹಾಕುತ್ತಿದ್ದವು. ಸರಿ, ನೂರಾರು ಅಲ್ಲ, ಒಂದು. ಅದೂ ಪಂಕ್ಚರ್ ಆಗಿತ್ತು.

ಆಕೆ ನಮಗೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವಳು. ಆದರೂ ಓಣಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹೊಟ್ಟೆಪಾಡಿಗೆ ಬ್ಲೌಸು ಹೊಲಿಯುತ್ತಿದ್ದಳು, ಹಟಕ್ಕೆ ಜನರನ್ನು ದವಾಖಾನೆಗೆ ಕರೆದೊಯ್ಯುತ್ತಿದ್ದಳು. ಯಾವ ಆಪರೇಶನ್ ಸರಕಾರದ ಯೋಜನೆಯಲ್ಲಿ ಪುಕ್ಕಟೆ, ಯಾವುದಕ್ಕೆ ಯಾವ ಕಾಗದ ಬೇಕು ಎಂಬುದು ಆಕೆಗೆ ಬಾಯಿಪಾಠ. ಅಷ್ಟು ಪಾಠ ನನಗೆ ಬಾಯಿಗೆ ಬಂದಿದ್ದರೆ ಈ ಹೊತ್ತಿಗೆ ನಾನೇ ಡಾಕ್ಟರ್ ಆಗಿರುತ್ತಿದ್ದೆ.

ಔಷಧದಂಗಡಿಗೆ ಆಕೆ ಕಾಲಿಟ್ಟರೆ ಅಂಗಡಿಯವನ ಮುಖ ಬಾಡುತ್ತಿತ್ತು. ಚೀಟಿಯಲ್ಲಿ ಬರೆದ ಗುಳಿಗೆಯನ್ನು ಆತ ಕೊಟ್ಟ ಕೂಡಲೇ ಮಾವಶಿ ಕೇಳುತ್ತಿದ್ದಳು, "ಇದರ ಬಡ ತಮ್ಮ ಇಲ್ಲೇನ್ರಿ?"

"ಯಾವ ತಮ್ಮ, ಮಾವಶಿ?"

"ಔಷಧ ಅದೇ, ಜರಿ ಅಂಗಿ ಹಾಕ್ಕೊಂಡಿರಂಗಿಲ್ಲ ನೋಡ್ರಿ, ಅಂವಾ. ಕೆಳಗಿನ ಖಾನ್ಯಾಗ ಮುಚ್ಚಿಟ್ಟೀರಿ. ತೆಗೀರಿ."

ಆತ ಬಗ್ಗಿ ಜನರಿಕ್ ಗುಳಿಗೆ ತೆಗೆಯುತ್ತಿದ್ದ. ಬೆಲೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತಿತ್ತು.

ಹತ್ತನೇ ತರಗತಿಯಲ್ಲಿ ನನ್ನ ಅಪೆಂಡಿಕ್ಸ್ ಬಾತುಕೊಂಡಿತು. ನಾನು ಕೂಗಿದ ಕೂಗು ಪಕ್ಕದ ತಾಲೂಕು ನಿಲಂಗಾದ ತನಕ ಕೇಳಿಸಿತ್ತು ಎಂದು ಈಗಲೂ ಗೆಳತಿಯರಿಗೆ ಹೇಳುತ್ತೇನೆ. ಅಪ್ಪ ಗಾಬರಿಯಲ್ಲಿ ಲಾತೂರಿನ ಒಂದು ಖಾಸಗಿ ದವಾಖಾನೆಗೆ ಒಯ್ದರು. ಕೌಂಟರಿನವನು ಮೊದಲು ಕೇಳಿದ್ದು ಎ.ಸಿ. ರೂಮ್ ಬೇಕೋ, ಡಿಲಕ್ಸ್ ಬೇಕೋ ಎಂದು. ಅಪ್ಪನ ಹಿಂದಿನಿಂದ ಮಾವಶಿ ಮುಂದೆ ಬಂದಳು.

"ಪೋರಿ ಏನ್ ಶ್ರೀಖಂಡ ಅದಾಳೇನ್ರಿ, ಥಂಡ್ಯಾಗ ಇಡ್ಲಾಕ? ರೇಶನ್ ಕಾರ್ಡ್ ಅದ. ಯೋಜನಾದಾಗ ಮಾಡ್ತೀರೋ, ಇಲ್ಲಾ ಬ್ಯಾರೆ ಕಡಿ ಒಯ್ಲಿ?"

ಯೋಜನೆಯಲ್ಲೇ ಆಯಿತು. ಅಂದು ಅಪ್ಪನ ಜೇಬಿನಿಂದ ಹೋದದ್ದು ಬಸ್ ಚಾರ್ಜು ಮತ್ತು ಎರಡು ವಡಾಪಾವ್. ಎರಡನ್ನೂ ತಿಂದವಳು ಮಾವಶಿ. ಆ ವರ್ಷ ಅಪ್ಪ ಖಾಸಗಿ ಬಿಲ್ ಕಟ್ಟಿದ್ದರೆ ನನ್ನ ಕಾಲೇಜಿನ ಮಾತೇ ಇರಲಿಲ್ಲ.

ಇನ್ನು ನಮ್ಮ ಓಣಿಯ ಒಂದು ಗುಟ್ಟು. ಇಲ್ಲಿಯ ಅರ್ಧಕ್ಕರ್ಧ ಸೊಸೆಯರು ಕರ್ನಾಟಕದಿಂದ ಬಂದವರು. ಮದುವೆಯಾಗಿ ಮೈ ಮಾತ್ರ ಇಲ್ಲಿಗೆ ಬರುತ್ತದೆ, ರೇಶನ್ ಕಾರ್ಡಿನ ಹೆಸರು ತವರಿನಲ್ಲೇ ಉಳಿಯುತ್ತದೆ. ಅಲ್ಲಿ ತಲೆ ಎಣಿಸಿ ಅಕ್ಕಿ ಕೊಡುತ್ತಾರೆ, ಹೆಸರು ತೆಗೆಸಿದರೆ ಅಣ್ಣನ ಮನೆಯ ಅಕ್ಕಿ ಅಷ್ಟು ಕಡಿಮೆ. ಮಗಳು ಹೊರಡುವಾಗ ಹೆಸರನ್ನೂ ಒಯ್ದರೆ ತವರು ಕಡಿದುಕೊಂಡ ಹಾಗೆ ಎಂದು ನಮ್ಮವರು ತಿಳಿಯುತ್ತಾರೆ. ಇಲ್ಲಿಯ ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ಪುಕ್ಕಟೆ ಆಪರೇಶನ್ನೂ ಇಲ್ಲ, ಹಾಗಾಗಿ ಇದನ್ನು ಕಂಡರೆ ಮಾವಶಿಗೆ ಸಿಟ್ಟು. "ನೀ ಎಲ್ಲಿ ಹೋಗ್ತಿ, ಹೆಸರೂ ಅಲ್ಲಿಗೇ ಒಯ್ಯಿ" ಎಂದು ಹೊಸ ಸೊಸೆಯರನ್ನು ಬೈಯುತ್ತಿದ್ದಳು. ಆಕೆಯ ಸ್ವಂತ ಹೆಸರು ಮೂವತ್ತು ವರ್ಷಗಳಿಂದ ಆಳಂದದ ಹತ್ತಿರದ ಹಳ್ಳಿಯಲ್ಲಿ, ತಮ್ಮನ ಕಾರ್ಡಿನಲ್ಲಿ ಕುಳಿತಿತ್ತು. ತಮ್ಮನಿಗೆ ನಾಲ್ಕು ಹೆಣ್ಣುಮಕ್ಕಳು.

ಇದು ಗೊತ್ತಾದದ್ದು ಹೋದ ವರ್ಷ, ಆಕೆಯ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಾಗ. ಕಾಲೇಜಿಗೆ ಚಕ್ಕರ್ ಹೊಡೆಯಲು ನೆಪ ಸಿಕ್ಕಿತೆಂದು ನಾನೇ ಜೊತೆಗೆ ಹೋದೆ. ಲಾತೂರಿನಲ್ಲಿ ಯೋಜನೆಯ ಮೇಜಿನ ಹುಡುಗ ಕಂಪ್ಯೂಟರ್ ನೋಡಿ, ನಿಮ್ಮ ಹೆಸರು ಮಹಾರಾಷ್ಟ್ರದ ಯಾವ ಕಾರ್ಡಿನಲ್ಲೂ ಇಲ್ಲ ಎಂದ.

"ನಾ ಇಲ್ಲೇ ನಿನ್ನ ಮುಂದ ಕುಂತೀನಲ್ಲೋ, ಮಗಾ."

"ನೀವ್ ಕುಂತೀರಿ, ಮಾವಶಿ. ಕಾರ್ಡ್ ಕುಂತಿಲ್ಲ. ಕರ್ನಾಟಕದಾಗ ತೋರಿಸ್ರಿ."

ಕಲಬುರಗಿಗೆ ಹೋದೆವು. ಅಲ್ಲಿಯ ಮೇಜಿನಾಕೆ ಆಧಾರ್ ತಿರುಗಿಸಿ ನೋಡಿ, "ಇದರಾಗ ಉಮರ್ಗಾ ಅದಲ್ರೀ. ಅಲ್ಲೇ ತೋರಿಸ್ರಿ" ಎಂದಳು. ಬಸ್ಸಿನಲ್ಲಿ ನಾನು, "ಮಾವಶಿ, ಗಡಿಯ ಕಲ್ಲಿನ ಮೇಲೆ ಮಲಗಿಬಿಡು, ಎರಡೂ ಸರಕಾರದವರು ಅರ್ಧರ್ಧ ಕೊಯ್ಯಲಿ" ಎಂದೆ. ಆಕೆ ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ನಾನು ಕಿಟಕಿಯ ಸೀಟನ್ನು ಆಕೆಗೆ ಬಿಟ್ಟುಕೊಟ್ಟೆ, ನನ್ನ ಮಟ್ಟಿಗೆ ಅದು ದಾಖಲೆ.

ತಮ್ಮ ಓಡಿ ಬಂದ, ಅತ್ತ. ಆ ವಾರವೇ ಹೆಸರು ತೆಗೆಸಿಕೊಟ್ಟ. ಇಲ್ಲಿ ಹೊಸ ಕಾರ್ಡಿನ ಅರ್ಜಿ ಸರತಿಯಲ್ಲಿ ನಿಂತಿತು. ಗಡ್ಡೆ ಸರತಿಯಲ್ಲಿ ನಿಲ್ಲಲಿಲ್ಲ. ಓಣಿಯವರು ಪಟ್ಟಿ ಎತ್ತಿ ಹಣ ಕೂಡಿಸಿದರು, ಒಂದು ಇಂಜೆಕ್ಷನ್ನಿಗೆ ಸಾಕಾಯಿತು. ಡಾಕ್ಟರು ಬರೆದದ್ದು ಆರು, ಆಮೇಲೆ ಆಪರೇಶನ್. ಒಟ್ಟು ಖರ್ಚು ಬರೆದ ಕಾಗದವನ್ನು ಮಾವಶಿ ಬಹಳ ಹೊತ್ತು ನೋಡಿದಳು.

"ಇಷ್ಟ್ ರೊಕ್ಕಕ್ಕ ನನ್ನಂಥಾಕಿ ನಾಕ್ ಮಂದಿ ಹೊಸಾವ್ರು ಸಿಗ್ತಾರ. ರಿಪೇರಿ ಯಾಕ?"

ಆಕೆಯ ಜೋಕು ನನ್ನದಕ್ಕಿಂತ ಚೆನ್ನಾಗಿತ್ತು. ಯಾರೂ ನಗಲಿಲ್ಲ.

ಕೊನೆಯ ದಿನಗಳಲ್ಲಿ ಹೊಲಿಗೆ ಯಂತ್ರದ ಪಕ್ಕದ ಮಂಚದಿಂದ ಏಳಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು. "ಎಲ್ಲಾರ್ದೂ ನೋಡ್ದೆ, ನಂದು ನೋಡ್ಲಿಲ್ಲ ಅಂತಾರ ಮಂದಿ. ನೋಡ್ಲಿಲ್ಲ ಅಂತಲ್ಲ. ನೋಡಿದ್ದೆ. ತಮ್ಮನ ಪೋರಿಗೋಳು ಉಣ್ಲಿ ಅಂತ ಸುಮ್ನಿದ್ದೆ." ಆಮೇಲೆ, "ನಿಮ್ಮವ್ವಂದು ನೋಡು" ಎಂದಳು.

ಅರ್ಜಿಗೆ ಉತ್ತರ ಬರುವ ಮೊದಲೇ ಮಾವಶಿ ಹೋದಳು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆ. ದವಾಖಾನೆಯ ಬೆಂಚಿನ ಮೇಲೆ ಇನ್ನೊಬ್ಬರ ಪಾಳಿಗಾಗಿ ಕಾಯುತ್ತಿದ್ದಳಲ್ಲ, ಹಾಗೆಯೇ ಕಂಡಳು.

ಅವ್ವನ ಹೆಸರು ಬಸವಕಲ್ಯಾಣದ ಕಡೆ, ಮಾಮಾನ ಕಾರ್ಡಿನಲ್ಲಿದೆ. ಕೇಳಿದರೆ, "ಅಣ್ಣ ಬ್ಯಾಸರ ಮಾಡ್ಕೋತಾನ. ಮುಂದಿನ ತಿಂಗಳ ನೋಡೂಣ" ಎನ್ನುತ್ತಾಳೆ. ಹೋದ ತಿಂಗಳೂ ಹೀಗೇ ಅಂದಿದ್ದಳು. ಅರ್ಜಿಯನ್ನು ನಾನೇ ತುಂಬಿಟ್ಟಿದ್ದೇನೆ, ಆಕೆಯ ಸಹಿಯೊಂದು ಬಾಕಿ. ನಿನ್ನೆ ಮಾಳಿಗೆ ಹತ್ತಿದಾಗ ನೋಡಿದರೆ, ಅವ್ವ ಅದರ ಮೇಲೆ ಸಂಡಿಗೆ ಇಟ್ಟು ಒಣಗಿಸಿದ್ದಳು. ಇದನ್ನು ಮಾತ್ರ ನಾನು ಹಿಗ್ಗಿಸಿ ಹೇಳುತ್ತಿಲ್ಲ.