ಸೀಟಿನ ಕೊಳವೆಗೆ ಎಣ್ಣೆ

ಅಪ್ಪನ ಉಕ್ಕಿನ ಸೈಕಲ್ಲಿಗೆ ನನಗಿಂತ ಹೆಚ್ಚು ವಯಸ್ಸು. ಪ್ರತಿ ಆಯುಧಪೂಜೆಗೆ ಅವರು ಅದರ ಸೀಟು ಕಿತ್ತು, ಒಳಗಿನ ಕೊಳವೆಗೆ ಎಣ್ಣೆ ಹೊಯ್ದು, ಆಮೇಲೆಯೇ ಹೂವು ಏರಿಸುತ್ತಾರೆ. ತುಕ್ಕು ಒಳಗಿನಿಂದ ತಿನ್ನುತ್ತದೆ ಎಂಬುದು ಅವರ ವಾದ, ಸುಳ್ಳೂ ಅಲ್ಲ.

ಹೋದ ವರ್ಷ ನಾನು ಕಾರ್ಬನ್ ಫೈಬರಿನ ಸೈಕಲ್ ಕೊಂಡೆ. ಒಂದೇ ಕೈಯಲ್ಲಿ ಎತ್ತಿ ತೋರಿಸಿ, ಇದಕ್ಕೆ ಜನ್ಮದಲ್ಲಿ ತುಕ್ಕು ಹಿಡಿಯುವುದಿಲ್ಲ ಎಂದು ಅಪ್ಪನೆದುರು ಜಂಬ ಕೊಚ್ಚಿದೆ. ಅವರು ಅದರ ಸೀಟನ್ನೊಮ್ಮೆ ತಟ್ಟಿ ನೋಡಿದರು.

ಹಬ್ಬದ ಮರುದಿನ ಹುಕ್ಕೇರಿಯ ನಮ್ಮ ಮನೆಯಿಂದ ಘಟಪ್ರಭಾಕ್ಕೆ ಹೊರಟೆ. ಒಂದೊಂದು ತಗ್ಗಿಗೂ ಸೀಟು ನನ್ನನ್ನು ಹೊತ್ತು ಒಂದಿಷ್ಟು ಕೆಳಗಿಳಿಯಿತು. ಎಷ್ಟು ಬಿಗಿ ಮಾಡಿದರೂ ನಿಲ್ಲಲೊಲ್ಲದು. ಅರ್ಧ ದಾರಿಗೆ ಮೊಣಕಾಲು ಗದ್ದಕ್ಕೆ ಬಡಿಯತೊಡಗಿತು. ಪಕ್ಕದಲ್ಲೇ ಹಾದುಹೋದ ಬಸ್ಸಿನಲ್ಲಿದ್ದವರು ಕಿಟಕಿಯಿಂದ ಇಣುಕಿ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮನೆಗೆ ತಳ್ಳಿಕೊಂಡು ಬಂದು ಸೀಟು ಕಿತ್ತರೆ ಒಳಗೆಲ್ಲ ಎಣ್ಣೆ.

"ಅಪ್ಪಾ, ಇದಕ್ಕ ತುಕ್ಕು ಹಿಡಿಯಂಗಿಲ್ಲಂತ ಹೇಳಿದ್ನಿಲ್ಲ?" ಎಂದು ರೇಗಿದೆ.

ಅಪ್ಪ ತಮ್ಮ ಸೈಕಲ್ ಏರುತ್ತ ಅಂದರು: "ಎಣ್ಣಿ ಹಾಕೇನಲ್ಲ, ಇನ್ನ ಹೆಂಗ ಹಿಡಿದೀತು?"