ಭುಜಂಗ ತೊಳೆದ ಕಾರು

ಬೆಳಿಗ್ಗೆ ಹಲ್ಲುಜ್ಜಲೆಂದು ಬಾಗಿಲು ತೆಗೆದ ಭುಜಂಗನ ಕೈಯಲ್ಲಿ ಬ್ರಷ್ಷು ಹಾಗೆಯೇ ಉಳಿಯಿತು. ಅಂಗಳವೇ ಇರಲಿಲ್ಲ. ಅಂಗಳ ಇರಬೇಕಾದಲ್ಲಿ ಕೆಂಪು ನೀರು ಗೇಟಿನಾಚೆಯ ಗದ್ದೆಯನ್ನೂ ಸೇರಿಸಿಕೊಂಡು ಒಂದೇ ಹಾಸಾಗಿ ನಿಂತಿತ್ತು. ತುಳಸಿಕಟ್ಟೆಯ ಸೊಂಟದವರೆಗೆ ನೀರು. ಗೇಟಿನ ಪಕ್ಕದ ಶೀಟಿನ ಮಾಡಿನ ಕೆಳಗೆ ಅವನ ಬಿಳಿ ಕಾರು ಬಾಗಿಲಿನ ಅರ್ಧಕ್ಕೆ ಮುಳುಗಿ, ಕೆರೆಗಿಳಿದ ಎಮ್ಮೆಯ ಹಾಗೆ ಬೆನ್ನು ತೋರಿಸಿಕೊಂಡು ಸುಮ್ಮನೆ ನಿಂತಿತ್ತು.

ಹೆಂಡತಿಯನ್ನು ಕರೆಯಲು ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಪೇಸ್ಟಿನ ನೊರೆ ಗಲ್ಲದ ಮೇಲೆ ಇಳಿಯಿತು, ಅಷ್ಟೇ.

ಇನ್ನಂಜೆಯ ಆ ಮನೆಯಲ್ಲಿ ಹುಟ್ಟಿದ, ಅರವತ್ತೊಂದರ ಪ್ರಾಯದವನು ಅವನು. ತೋಡು ಉಕ್ಕಿ ಗದ್ದೆಗೆ ನೀರು ನುಗ್ಗುವುದು ಅವನಿಗೆ ಹೊಸತಲ್ಲ. ಆದರೆ ತೋಡು ಗದ್ದೆ ದಾಟಿ, ರಸ್ತೆ ದಾಟಿ, ಗೇಟಿನೊಳಗೆ ಬಂದು ಕಾರಿನ ಬಾಗಿಲು ತಟ್ಟಿದ್ದು ಇದೇ ಮೊದಲು.

ಅಷ್ಟರಲ್ಲಿ ನೆರೆಮನೆಯ ಲಿಯೋನೆಲ್ ಪಂಚೆಯನ್ನು ತೊಡೆಯ ಮೇಲೆ ಕಟ್ಟಿಕೊಂಡು ನೀರು ತುಳಿಯುತ್ತಾ ಬಂದ. ಒಂದು ಕಾಲದಲ್ಲಿ ಮಂಗಳೂರು ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮನುಷ್ಯ; ಕ್ರಿಶ್ಚಿಯನರನ್ನು ತುಳುವಿನಲ್ಲಿ ಕರೆಯುವ ಹಾಗೆ ಭುಜಂಗನಿಗೆ ಅವನು 'ಪೊರ್ಬುಗಳು'. ಯಾರ ಮನೆಯ ಸುದ್ದಿ ಹಂಚುವುದೂ ಅವನಿಗೆ ಟಿಕೆಟ್ ಹರಿದಷ್ಟು ಸುಲಭ. ಕಾರು ಕಂಡವನೇ ಅಂಗಿಯ ಕಿಸೆಯಿಂದ ಮೊಬೈಲು ತೆಗೆದು ಎತ್ತಿ ಹಿಡಿದ.

ಭುಜಂಗನಿಗೆ ಸ್ವರ ಬಂದದ್ದು ಆಗ.

"ಎಂತ ಪೊರ್ಬುಗಳೇ, ಹೆಣದ ಫೋಟೋ ತೆಗೆಯುವುದಾ? ಊರಿಗೆಲ್ಲ ಕಳಿಸಿ ನಗಾಡಲಿಕ್ಕಾ? ಒಳಗಿಡಿ ಮೊದಲು!"

"ನಗಾಡಲಿಕ್ಕೆ ಅಲ್ಲ ಮಾರಾಯ..."

"ಒಳಗಿಡಿ ಅಂದೆ!"

ಲಿಯೋನೆಲ್ ಮೊಬೈಲು ಕಿಸೆಗೆ ಹಾಕಿದ. "ಆಯಿತು. ನೀರು ಇಳಿದ ಮೇಲೆ ಒಮ್ಮೆ ಚಾವಿ ತಿರುಗಿಸಿ ನೋಡು. ಸ್ಟಾರ್ಟ್ ಆದರೂ ಆಯಿತು."

"ಚಾವಿ ಮುಟ್ಟುವುದಿಲ್ಲ," ಎಂದ ಭುಜಂಗ. "ನೀರು ಕುಡಿದ ಇಂಜಿನು ತಿರುಗಿಸಿದರೆ ಒಳಗೆ ಎಲುಬು ಮುರಿಯುತ್ತದೆ. ನನಗೆ ಕಾರಿನ ಪಾಠ ಹೇಳಬೇಡಿ."

ಹಾಗೆ ಹೇಳುವ ಅಧಿಕಾರ ಅವನಿಗೆ ಇತ್ತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಮುಂಬೈಯ ಹೋಟೆಲಿನಲ್ಲಿ ಮೇಜು ಒರೆಸಿ, ಇಪ್ಪತ್ತಾರರ ಪ್ರಾಯಕ್ಕೆ ಶಾರ್ಜಾಕ್ಕೆ ಹೋದವನು. ಅಲ್ಲಿ ಪೆಟ್ರೋಲ್ ಬಂಕಿನ ಹಿಂದಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಬೇರೆಯವರ ಕಾರು ತೊಳೆದ. ಮರಳುಗಾಳಿಯ ಊರು ಅದು. ಬೆಳಿಗ್ಗೆ ತೊಳೆದದ್ದು ಸಂಜೆಗೆ ಹಿಟ್ಟಿನಲ್ಲಿ ಹೊರಳಿದ ಹಾಗೆ ಬಂದು ನಿಲ್ಲುತ್ತಿತ್ತು. ಅಲ್ಲಿಯ ಮೇಸ್ತ್ರಿ ಒಬ್ಬ ಪಠಾಣ. ತೊಳೆದ ಕಾರಿನೊಳಗೆ ಬಿಳಿ ಕರ್ಚೀಫು ಸುತ್ತಿದ ಬೆರಳು ಹಾಕುತ್ತಿದ್ದ: ಸೀಟಿನ ಸಂದಿಗೆ, ಬೆಲ್ಟಿನ ಬುಡಕ್ಕೆ, ಡಿಕ್ಕಿಯ ಮೂಲೆಗೆ. ಕರ್ಚೀಫಿಗೆ ಕಪ್ಪು ಹತ್ತಿದರೆ ಮೊದಲಿನಿಂದ ತೊಳೆಯಬೇಕು. ಮೊದಲ ವರ್ಷ ಭುಜಂಗ ಆ ಬೆರಳು ಕಂಡರೆ ನಡುಗುತ್ತಿದ್ದ. ಹತ್ತನೆಯ ವರ್ಷಕ್ಕೆ ಮೇಸ್ತ್ರಿ ಅವನ ಕಾರುಗಳಿಗೆ ಬೆರಳು ಹಾಕುವುದನ್ನೇ ಬಿಟ್ಟ. ಭುಜಂಗ ಊರಿಗೆ ಹೊರಟ ದಿನ ಮೇಸ್ತ್ರಿ ಆ ಕರ್ಚೀಫನ್ನು ಮಡಚಿ ಅವನ ಕೈಗಿಟ್ಟ. ಕಪಾಟಿನಲ್ಲಿ ಅದು ಇನ್ನೂ ಇತ್ತು.

ಬಂದ ಮೇಲೆ ಒಂದು ಆಸೆ ತೀರಿಸಿಕೊಂಡ. ಕೈಗೆ ಬಂದ ಕಡೆಯ ದುಡ್ಡಿನಲ್ಲಿ ಹೊಸ ಕಾರು ತೆಗೆದ. ಸ್ವಂತದ್ದು, ತಾನೇ ಕೂರುವುದು. ಉಡುಪಿಯ ಶೋರೂಮಿನಲ್ಲಿ ಹುಡುಗಿ ಸೀಟಿನ ಪ್ಲಾಸ್ಟಿಕ್ ಹರಿಯಲು ಕೈ ಹಾಕಿದಾಗ ಮಗುವಿನ ಮೈಗೆ ಕೈ ಹಾಕಿದವರನ್ನು ತಡೆಯುವ ಹಾಗೆ ತಡೆದ. "ಅದು ಇರಲಿ. ಹೊಸತು ಹೊಸತಾಗಿಯೇ ಇರಲಿ." ಕಟಪಾಡಿಯ ಅಂಗಡಿಯಲ್ಲಿ ಆ ಪ್ಲಾಸ್ಟಿಕ್ಕಿನ ಮೇಲೆಯೇ ರೆಕ್ಸಿನ್ ಕವರು ಬಿಗಿದು ಹೊಲಿಸಿದ. ಕೂತರೆ ಅಡಿಯಲ್ಲಿ ಹಪ್ಪಳ ಮುರಿದ ಸದ್ದು. ಶಂಕರಪುರದಲ್ಲಿ ಮಲ್ಲಿಗೆ ಕೊಳ್ಳಲು ಹೋದರೂ, ಕಾರ್ಕಳದಲ್ಲಿರುವ ಮಗಳು ಆಶ್ರಿತಾಳ ಮನೆಗೆ ಹೋದರೂ, ಹೆಂಡತಿ ಗುಣವತಿಯ ಸೀರೆ ಬೆವರಿಗೆ ಬೆನ್ನಿಗಂಟುತ್ತಿತ್ತು.

"ಅದನ್ನು ಯಾವಾಗ ತೆಗೆಯುವುದು? ನನ್ನನ್ನು ಸುಡುಗಾಡಿಗೆ ಒಯ್ಯುವ ದಿನವಾ?" ಎನ್ನುತ್ತಿದ್ದಳು.

"ಅಷ್ಟು ಅವಸರ ಎಂತದು?" ಎನ್ನುತ್ತಿದ್ದ ಭುಜಂಗ.

ಅಂಥ ಕಾರು ಈಗ ಕೆಸರು ಕುಡಿದು ನಿಂತಿತ್ತು. ರಿಪೇರಿ ಸಣ್ಣ ಬಾಬತ್ತಲ್ಲ, ಇನ್ಸೂರೆನ್ಸ್ ಸಿಗದಿದ್ದರೆ ಗುಜರಿಗೇ ಕೊಡಬೇಕು. ಇನ್ನೊಂದು ಕಾರು ಕೊಳ್ಳುವ ಪ್ರಾಯವೂ ಅಲ್ಲ, ಕೈಯೂ ಅಲ್ಲ. ಕಂಪೆನಿಯ ನಂಬರಿಗೆ ಫೋನು ಮಾಡಿದ. ಆ ಕಡೆಯ ಹುಡುಗಿ, "ಸ್ಟಾರ್ಟ್ ಮಾಡಬೇಡಿ ಸರ್, ಎಲ್ಲಿಗೂ ಸಾಗಿಸಬೇಡಿ. ಸರ್ವೇಯರ್ ಮನೆಗೇ ಬಂದು ನೋಡುತ್ತಾರೆ," ಎಂದಳು. ತೊಳೆಯಬೇಡಿ ಎಂದು ಹೇಳಲಿಲ್ಲ. ಹೀಗೂ ಒಬ್ಬ ಮನುಷ್ಯ ಇರುತ್ತಾನೆ ಎಂದು ಅವಳಿಗಾದರೂ ಹೇಗೆ ಗೊತ್ತು?

ಸಂಜೆಗೆ ನೀರು ಇಳಿಯಿತು. ಮಳೆ ಎರಡು ದಿನ ಬಿಡುವು ಕೊಟ್ಟಿತು. ಕಾರಿನ ಬಾಗಿಲು ತೆರೆದ ಭುಜಂಗ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಚಪ್ಪಲಿ ಮುಳುಗುವಷ್ಟು ಕೆಸರು, ಕೊಳೆತ ಹುಲ್ಲು, ಸ್ಟೇರಿಂಗಿನ ಬುಡದಲ್ಲಿ ಒಂದು ಸತ್ತ ಕಪ್ಪೆ. ಮನೆಗೆ ಆಫೀಸಿನವರು ಬರುವವರಿದ್ದಾರೆ. ಇದನ್ನು ತೋರಿಸುವುದಾ? ಶಾರ್ಜಾದ ಭುಜಂಗನ ಕಾರು ಅಂತ?

ಎರಡು ದಿನ ಅವನಿಗೆ ಊಟದ ಪರಿವೆ ಇರಲಿಲ್ಲ. ಕಾರನ್ನು ಒಂದು ಗೇಣೂ ಕದಲಿಸದೆ, ನಿಂತಲ್ಲಿಯೇ ತೊಳೆದ. ನೆಲದ ಹಾಸು ಕಳಚಿ ಉಜ್ಜಿ ಹಗ್ಗಕ್ಕೆ ಹಾಕಿದ. ಸೀಟಿನ ರೆಕ್ಸಿನ್ನಿಗೆ ಸಾಬೂನು ಹಾಕಿ ಒರೆಸಿದ. ಬೆಲ್ಟುಗಳನ್ನು ತುದಿಯವರೆಗೆ ಎಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ. ಬಾನೆಟ್ಟಿನ ಅಡಿ, ಡಿಕ್ಕಿಯ ಅಡಿ, ಗಾಳಿಯ ಫಿಲ್ಟರು, ಯಾವುದನ್ನೂ ಬಿಡಲಿಲ್ಲ. ಕೆಸರಿನ ಗೆರೆ ಕಂಡ ತುಳಸಿಕಟ್ಟೆಗೂ, ಕಾರಿನ ಶೆಡ್ಡಿನ ಗೋಡೆಗೂ ಪೈಪು ಹಿಡಿದ. ಮೂರನೆಯ ದಿನ ಕಾರು ಮದುಮಗನ ಹಾಗೆ ಹೊಳೆಯುತ್ತಿತ್ತು. "ಯಾರೂ ಹತ್ತಿ ಕೂರಬಾರದು," ಎಂದು ಅಪ್ಪಣೆಯಾಯಿತು.

ಹನ್ನೊಂದು ಗಂಟೆಗೆ ಸರ್ವೇಯರ್ ಬಂದಳು. ಮೆಲಿಷಾ ಅಂತ ಹೆಸರು, ಮಣಿಪಾಲದವಳು, ಮಗಳ ಪ್ರಾಯ. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಸುತ್ತ ನೋಡಿದಳು. ಅವಳದು ಕೊಂಕಣಿ, ಇವನದು ತುಳು; ಮಾತು ಕನ್ನಡದಲ್ಲಿ ನಡೆಯಿತು.

"ನೀರಿಗೆ ಬಿದ್ದ ಕಾರು ಎಲ್ಲಿ ಉಂಟು ಅಂಕಲ್?"

"ಇದೇ ಮೇಡಂ."

ಅವಳು ನಕ್ಕಳು. "ತಮಾಷೆ ಬೇಡ ಅಂಕಲ್. ಇದು ಈಗ ಶೋರೂಮಿನಿಂದ ಬಂದ ಹಾಗೆ ಉಂಟಲ್ಲ!"

ಭುಜಂಗನ ಎದೆ ಒಂದಂಗುಲ ಉಬ್ಬಿತು. "ನೋಡಿ ಮೇಡಂ, ಎಲ್ಲಿ ಬೇಕಾದರೂ ನೋಡಿ."

ಅವಳು ಬೆಲ್ಟು ಎಳೆದಳು. "ತುದಿಯವರೆಗೆ ಎಳೆಯಿರಿ, ಹೆದರಬೇಡಿ," ಎಂದ. ಡಿಕ್ಕಿ ತೆರೆದು ಸ್ಟೆಪ್ನಿ ಎತ್ತಿಸಿದಳು. "ಅಲ್ಲಿಯೂ ಒಂದು ಚೂರು ಸಿಗಲಿಕ್ಕಿಲ್ಲ." ಫಿಲ್ಟರು ತೆಗೆದಳು. "ಬಿಸಿಲಿಗಿಟ್ಟು ಒಣಗಿಸಿದ್ದು." ನೆಲದ ಹಾಸು ಎತ್ತಿದಳು. "ಹ್ಞಾಂ, ಅಡಿಯೂ ನೋಡಿ." ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿಯುತ್ತಿದ್ದೇನೆಂಬ ಕಲ್ಪನೆಯೂ ಅವನಿಗಿರಲಿಲ್ಲ.

ಮೆಲಿಷಾಳ ನಗು ಮಾತ್ರ ಒಂದೊಂದು ಜಾಗ ನೋಡಿದ ಹಾಗೆ ಇಳಿಯುತ್ತಾ ಬಂತು. ಕಡೆಗೆ ಬಾಗಿಲು ಹಾಕಿ ಎದುರು ನಿಂತಳು.

"ಅಂಕಲ್, ನಾನು ಎಂತ ಬರೆಯಲಿ?"

"ಎಂತ ಅಂದರೆ? ಕಾರು ಮುಳುಗಿತ್ತು ಅಂತ ಬರೆಯಿರಿ."

"ಎಲ್ಲಿ ಮುಳುಗಿದೆ? ಕೆಸರಿಲ್ಲ, ಗೆರೆ ಇಲ್ಲ, ವಾಸನೆ ಇಲ್ಲ. ಸ್ಟಾರ್ಟ್ ಮಾಡಿ ನೋಡುವ ಹಾಗಿಲ್ಲ, ಆಗದಿದ್ದರೂ ಬ್ಯಾಟರಿ ಹೋಗಿರಬಹುದು. ಹಾಳಾದ ಕಾರನ್ನು ಮಳೆಯ ಹೆಸರಿನಲ್ಲಿ ತೋರಿಸುವವರು ಎಷ್ಟು ಜನ ಇದ್ದಾರೆ ಗೊತ್ತುಂಟಾ? ನಾನು ಕಂಡದ್ದನ್ನು ಮಾತ್ರ ಬರೆಯಬೇಕು. ನೀರು ಹೊಕ್ಕ ಗುರುತು ಇಲ್ಲ ಅಂತ ಬರೆದರೆ ಕ್ಲೇಮ್ ಅಲ್ಲಿಗೇ ಮುಗಿಯಿತು."

ತೋಡಿನ ನೀರು ಕಂಡಾಗ ನಿಂತ ಹಾಗೆಯೇ ಭುಜಂಗ ನಿಂತ. ಶೆಡ್ಡಿನ ಕಂಬ ಹಿಡಿದುಕೊಂಡ.

"ನಾನು... ಸುಳ್ಳು ಹೇಳುವುದು ಅಂತಲಾ ಮೇಡಂ?"

"ನಾನು ಹಾಗೆ ಹೇಳಲಿಲ್ಲ ಅಂಕಲ್. ಆದರೆ ನೀವು ಯಾಕೆ ತೊಳೆದದ್ದು?"

ಯಾಕೆ ತೊಳೆದದ್ದು! ಮೂವತ್ತೊಂದು ವರ್ಷದಲ್ಲಿ ಯಾಕೆ ತೊಳೆಯಲಿಲ್ಲ ಎಂದು ಕೇಳಿದವರಿದ್ದರು. ಯಾಕೆ ತೊಳೆದದ್ದು ಎಂದು ಕೇಳಿದವಳು ಇವಳೇ ಮೊದಲು.

ಬೇಲಿಯ ಮೇಲಿಂದ ಲಿಯೋನೆಲ್ ಬಾಯಿ ಹಾಕಿದ. "ಮಗಳೇ, ನಾನು ಕಣ್ಣಾರೆ ಕಂಡಿದ್ದೇನೆ. ಬಾಗಿಲಿನ ಅರ್ಧಕ್ಕೆ ನೀರು."

"ಫೋಟೋ ಉಂಟಾ ಅಂಕಲ್?"

ಲಿಯೋನೆಲ್ ಭುಜಂಗನ ಮುಖ ನೋಡಿದ. "ತೆಗೆಯಲಿಕ್ಕೆ ಹೊರಟಿದ್ದೆ. ಹೆಣದ ಫೋಟೋ ತೆಗೆಯಬಾರದು ಅಂತ ಆರ್ಡರ್ ಆಯಿತು."

"ಹಾಗಾದರೆ ಬಾಯಿಮಾತು ನನ್ನ ರಿಪೋರ್ಟಿಗೆ ಬರುವುದಿಲ್ಲ."

ಭುಜಂಗ ಒಳಗೆ ಓಡಿದ. ಕಪಾಟಿನಿಂದ ಮೇಸ್ತ್ರಿಯ ಬಿಳಿ ಕರ್ಚೀಫು ತೆಗೆದು ಬೆರಳಿಗೆ ಸುತ್ತಿಕೊಂಡು ಬಂದ. ಕಾರಿನೊಳಗೆ ಮಂಡಿಯೂರಿದ. ಸೀಟಿನ ಸಂದಿಗೆ ಬೆರಳು ಹಾಕಿ ತೆಗೆದ: ಬಿಳಿ. ಬೆಲ್ಟಿನ ಬುಡ: ಬಿಳಿ. ಗೇರಿನ ಸುತ್ತ, ಪೆಡಲಿನ ಹಿಂದೆ, ಡಿಕ್ಕಿಯ ಮೂಲೆ: ಬಿಳಿ, ಬಿಳಿ, ಬಿಳಿ. ಕರ್ಚೀಫಿಗೆ ಕಪ್ಪು ಹತ್ತದಿರಲಿ ಎಂದು ಕಂಡ ದೈವಗಳಿಗೆಲ್ಲ ಕೈಮುಗಿದವನು ಈಗ ಒಂದು ಚುಕ್ಕೆ, ಸಾಸಿವೆಯಷ್ಟು ಕೆಸರು ಹತ್ತಲಿ ಎಂದು ಅದೇ ದೈವಗಳನ್ನು ಬೇಡಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಅದನ್ನೂ, ಹಳೆಯ ಅಭ್ಯಾಸ, ಕೈ ತಾನಾಗಿ ಒರೆಸಿಬಿಟ್ಟಿತು.

ಮೆಲಿಷಾ ಬ್ಯಾಗಿನಿಂದ ಪೆನ್ನು ತೆಗೆದಳು.

ಅಲ್ಲಿಯವರೆಗೆ ಮೆಟ್ಟಿಲಿನ ಮೇಲೆ ಕೂತು ನೋಡುತ್ತಿದ್ದ ಗುಣವತಿ ಎದ್ದು ಬಂದಳು. ಗಂಡನ ಕಡೆ ನೋಡಲಿಲ್ಲ, ಕಾರಿನ ಹಿಂದಿನ ಸೀಟನ್ನೇ ನೋಡಿದಳು.

"ಅಲ್ಲ, ಆ ರೆಕ್ಸಿನ್ನಿನ ಅಡಿಯ ಪ್ಲಾಸ್ಟಿಕ್ಕು ಬಿಚ್ಚಿ ತೊಳೆದಿದ್ದೀರಾ ನೀವು?"

"ಅದನ್ನು ಯಾಕೆ ಬಿಚ್ಚುವುದು? ಅದರೊಳಗೆ ಹೊಸ ಸೀಟು ಉಂಟು. ಅಲ್ಲಿಗೆ ಎಂತ ಹೋಗುತ್ತದೆ?"

"ನಾಲ್ಕು ವರ್ಷ ನನ್ನ ಬೆನ್ನಿಗೆ ಗಾಳಿ ಹೋಗಲು ಬಿಡಲಿಲ್ಲ, ಅದು ಸರಿ. ನೀರು ನಿಮ್ಮ ಹೆಂಡತಿಯಾ, ನಿಮ್ಮ ಮಾತು ಕೇಳಲಿಕ್ಕೆ?"

ಹೇಳಿದವಳೇ ಅವನ ಅಪ್ಪಣೆಯನ್ನು ಗಾಳಿಗೆ ತೂರಿ ಸೀಟಿನ ಮೇಲೆ ಧೊಪ್ಪನೆ ಕೂತಳು. ಹಪ್ಪಳ ಮುರಿಯುವ ಸದ್ದು ಬರಲಿಲ್ಲ. ಬೇರೆಯೇ ಒಂದು ಸದ್ದು ಬಂತು, ಕೆಸರುಗದ್ದೆಯಿಂದ ಕಾಲು ಕಿತ್ತ ಹಾಗೆ.

ಮೆಲಿಷಾಳ ಪೆನ್ನು ನಿಂತಿತು. "ಅಂಕಲ್, ಕವರು ಬಿಚ್ಚಿ."

ಭುಜಂಗ ಕದಲಲಿಲ್ಲ. ಬಿಚ್ಚಿದರೆ ಹೊಸತು ಹೋಯಿತು. ಅವನ ಬದುಕಿನಲ್ಲಿ ಬೇರೆಯವರು ಮುಟ್ಟದ, ತಾನೂ ಮುಟ್ಟದ ಒಂದೇ ಒಂದು ಹೊಸ ವಸ್ತು ಆ ಪ್ಲಾಸ್ಟಿಕ್ಕಿನೊಳಗಿತ್ತು. ಗುಣವತಿ ಅಡುಗೆಮನೆಯಿಂದ ಕತ್ತಿ ತಂದು ಅವನ ಕೈಗಿಟ್ಟಳು.

ಹೊಲಿಗೆಯ ದಾರ ಕಡಿದ. ರೆಕ್ಸಿನ್ನು ಸುಲಿದ. ಪ್ಲಾಸ್ಟಿಕ್ಕಿಗೆ ಕತ್ತಿಯ ಮೊನೆ ತಾಗಿಸಿ ಕಣ್ಣು ಮುಚ್ಚಿ ಎಳೆದ.

ನಾತ ಮೊದಲು ಬಂತು. ಆಮೇಲೆ ಕೆಂಪು ನೀರು ಬುಳುಬುಳು ಹರಿದು ಅವನ ಬಿಳಿ ನೆಲದ ಹಾಸಿನ ಮೇಲೆ ಇಳಿಯಿತು. ಒಳಗಿನ ಸ್ಪಂಜು ಉಬ್ಬಿ ನಿಂತಿತ್ತು. ಅದರ ಮೇಲೆ ಬೆರಳಿನಷ್ಟು ದಪ್ಪ ಹೂಳು, ಹೂಳಿನಲ್ಲಿ ಅಂಟಿಕೊಂಡ ಭತ್ತದ ಸಸಿಯ ಎರಡು ಹಸುರು ಎಸಳು, ಒಂದು ಸಣ್ಣ ಬಸವನಹುಳು. ಒರಗುವ ಭಾಗದ ಬಟ್ಟೆಯಲ್ಲಿ ನೀರು ನಿಂತ ಗೆರೆ, ಹಗ್ಗ ಹಿಡಿದು ಎಳೆದ ಹಾಗೆ ನೇರ.

"ಜೇಜು!" ಎಂದು ಯೇಸುವನ್ನು ಕರೆದಳು ಮೆಲಿಷಾ. ಎರಡು ಹೆಜ್ಜೆ ಹಿಂದೆ ಸರಿದವಳು ಮತ್ತೆ ಮುಂದೆ ಬಂದು ಮೊಬೈಲು ಎತ್ತಿದಳು. ಗೆರೆಯ ಫೋಟೋ, ಹೂಳಿನ ಫೋಟೋ, ಹುಳುವಿನ ಫೋಟೋ. "ಇಷ್ಟು ಸಾಕು ಅಂಕಲ್! ಇನ್ನು ಬರೆಯಬಹುದು. ಗದ್ದೆಯೇ ಒಳಗೆ ಉಂಟಲ್ಲ!"

ಬೇಲಿಯ ಮೇಲೆ ಲಿಯೋನೆಲ್ ಚಪ್ಪಾಳೆ ತಟ್ಟಿದ. ಗುಣವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಭುಜಂಗ ಒಬ್ಬನೇ ನಗಲಿಲ್ಲ. ಎವೆಯಿಕ್ಕದೆ ಆ ಹೂಳನ್ನು ನೋಡುತ್ತಿದ್ದ. ಕ್ಲೇಮ್ ಉಳಿಯಿತು, ಕಾರು ಉಳಿಯಿತು, ತಾನು ಸುಳ್ಳುಗಾರನಲ್ಲ. ಅದೆಲ್ಲ ಗೊತ್ತಾಯಿತು. ಆದರೂ ಇಷ್ಟು ಕೆಸರು, ತನ್ನ ಕೈ ಕೆಳಗೆ, ಎರಡು ದಿನ! ಮೇಸ್ತ್ರಿ ಕಂಡಿದ್ದರೆ? ಕೈ ಮೆಲ್ಲನೆ ಬಾಲ್ದಿಯ ಅಂಚಿನಲ್ಲಿದ್ದ ಬಟ್ಟೆಯ ಕಡೆ ಹೋಯಿತು.

"ಮುಟ್ಟಬೇಡಿ!" ಮೆಲಿಷಾ, ಗುಣವತಿ, ಲಿಯೋನೆಲ್ ಮೂವರೂ ಒಟ್ಟಿಗೆ ಕಿರುಚಿದರು.

ಕೈ ಹಿಂದೆ ಬಂತು.

"ಗ್ಯಾರೇಜಿನವರು ನೋಡುವವರೆಗೆ ಹೀಗೆಯೇ ಇರಬೇಕು," ಎಂದು ಹೇಳಿ ಮೆಲಿಷಾ ಸ್ಕೂಟರ್ ಹತ್ತಿದಳು.

ಮಧ್ಯಾಹ್ನ ಎಳೆದೊಯ್ಯುವ ಗಾಡಿ ಬಂತು. ಕಾರಿನ ಬಾಗಿಲಿನ ಸಂದಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು, ಬಿಳಿ ಬಣ್ಣದ ಮೇಲೆ ಉದ್ದಕ್ಕೆ ಗೆರೆ. ಹಾಗೆಯೇ ಕಟಪಾಡಿಯ ಜಂಕ್ಷನ್ನಿನಲ್ಲಿ, ಬಸ್ಸಿನವರು, ರಿಕ್ಷಾದವರು ನೋಡುವ ಹಾಗೆ ಹೋಗಬೇಕು. ಭುಜಂಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಒಂದನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದು ಗೇಟಿನ ಬಳಿ ನಿಂತ.

ಲಿಯೋನೆಲ್ ಕಿಸೆಗೆ ಕೈ ಹಾಕಿ, ಹಾಗೆಯೇ ನಿಲ್ಲಿಸಿ ಇವನ ಮುಖ ನೋಡಿದ.

"ತೆಗೆಯಿರಿ ಪೊರ್ಬುಗಳೇ," ಎಂದ ಭುಜಂಗ. "ಆ ಗೆರೆ ಕಾಣುವ ಹಾಗೆ ತೆಗೆಯಿರಿ."