ಮಾರ್ಥವ್ವನ ಎಣ್ಣೆ ಬಾಟಲಿ

“ಅಮ್ಮೀ, ಮಾರ್ಥಾ ನಾನಿ ಬೆಂಚಿನ ಮ್ಯಾಲೆ ಹತ್ತಿ ಭಜಿ, ಭಜಿ ಅಂತ ಯಾಕ ಒದರಿದ್ರು?”

ಚರ್ಚಿನ ಬಾಗಿಲಲ್ಲಿ, ಚಪ್ಪಲಿಗಳ ರಾಶಿಯೊಳಗೆ ಮಗಳ ಎರಡನೇ ಚಪ್ಪಲಿ ಹುಡುಕುತ್ತಿದ್ದ ಗುಲ್ನಾಜಳಿಗೆ ಅವಳ ಪ್ರಶ್ನೆ ಒಂದು ಕಡೆ, ನಗು ಒಂದು ಕಡೆ. ನಕ್ಕು ನಕ್ಕು ಪಕ್ಕೆ ಹಿಡಿದಿತ್ತು. ಆರು ವರ್ಷದ ಅಸ್ಮಾ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಉತ್ತರ ಸಿಗದೆ ಕದಲುವವಳಲ್ಲ.

ಬೆಟಗೇರಿಯಲ್ಲಿ ಗುಲ್ನಾಜಳ ಮನೆಗೂ ಮಾರ್ಥವ್ವನ ಮನೆಗೂ ನಡುವೆ ಒಂದೇ ಗೋಡೆ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದ ಮಾರ್ಥವ್ವನ ಪ್ರಾರ್ಥನೆ ಬೆಳಗಿನ ಐದಕ್ಕೆ ಶುರುವಾದರೆ ಓಣಿಗೆ ಬೇರೆ ಅಲಾರಾಮು ಬೇಡ. ಯೇಸುಸ್ವಾಮಿಯ ಜೊತೆ ಅವಳದು ಮನೆಯವರೊಂದಿಗಿನ ಸಲಿಗೆ. ಪ್ರಾರ್ಥನೆಯ ನಡುವೆ ಹಾಲು ಉಕ್ಕಿದರೆ, “ನೀನರ ಒಂದೀಟು ನೋಡಬಾರದೇನು ಸ್ವಾಮೀ?” ಎಂದು ಅವನನ್ನೇ ಗದರುತ್ತಾಳೆ. ಅಸ್ಮಾ ಹುಟ್ಟುವಾಗ ಗುಲ್ನಾಜಳಿಗೆ ನೋವು ಎದ್ದ ದಿನ, ಒಂದು ಕೈಯನ್ನು ಇವಳ ತಲೆಯ ಮೇಲಿಟ್ಟು ಪ್ರಾರ್ಥಿಸುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಆಂಬುಲೆನ್ಸಿನವನನ್ನು ಬೈಯುತ್ತಿದ್ದಳು. ಬೈಗುಳ ಯಾರಿಗೆ, ಆಮೆನ್ ಯಾರಿಗೆ ಎಂಬುದು ಗುಲ್ನಾಜಳಿಗೆ ಇವತ್ತಿಗೂ ಖಾತ್ರಿಯಿಲ್ಲ.

ಮಾರ್ಥವ್ವನಿಗಿದ್ದದ್ದು ಒಂದೇ ಜಂಬ. ಚರ್ಚಿನ ಸುಗ್ಗಿ ಹಬ್ಬಕ್ಕೆ ಎಲ್ಲರೂ ಬೆಳೆದದ್ದು, ಮಾಡಿದ್ದು ತಂದು ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅದೆಲ್ಲ ಲಿಲಾವಿಗೆ, ಅಂದರೆ ಹರಾಜಿಗೆ, ಹೋಗುತ್ತದೆ. ಅಲ್ಲಿ ಮಾರ್ಥವ್ವನ ಶೇಂಗಾ ಎಣ್ಣೆಗೆ ಸಾಟಿಯಿಲ್ಲ. ತಾನೇ ಶೇಂಗಾ ಆರಿಸಿ, ಗಾಣದ ಮುಂದೆ ಕಾವಲು ಕೂತು ತೆಗೆಸಿದ್ದು. “ದೇವರಿಗೆ ಕೊಡೂದು ಮೊದಲಿಂದು ಇರಬೇಕು, ಉಳದದ್ದಲ್ಲ,” ಎಂದು ಓಣಿಗೆಲ್ಲ ಪಾಠ ಹೇಳುವವಳು ಅವಳು.

ಈ ಸಲವೂ ಅಕ್ಕಪಕ್ಕದವರೆಲ್ಲ ಲಿಲಾವಿಗೆ ಸೇರಿದ್ದರು. ಕುಂಬಳಕಾಯಿ, ಕೋಳಿ ಮುಗಿದು ಎಣ್ಣೆಯ ಸರದಿ ಬಂತು. ಉಪದೇಶಕ್ಕೆಂದು ಪರವೂರಿನಿಂದ ಬಂದಿದ್ದ ಪ್ರಸಂಗಿಯೊಬ್ಬರು ಬಾಟಲಿಯ ಮೇಲೆ ಕೈಯಿಟ್ಟು ದೊಡ್ಡ ದನಿಯಲ್ಲಿ ಪ್ರಾರ್ಥಿಸಿದರು. “ಇನ್ನು ಇದು ಬರೀ ಎಣ್ಣೆಯಲ್ಲ. ಹಚ್ಚಿಕೊಳ್ಳಿರಿ, ರೋಗ ಓಡುತ್ತದೆ. ಆಮೇಲೂ ದವಾಖಾನೆಗೆ ಹೋದವರು ದೇವರನ್ನು ನಂಬದವರು!” ಎನ್ನುತ್ತ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು.

ತಳದಲ್ಲಿ ನಾಲ್ಕು ಮೆಣಸಿನಕಾಯಿ ಬೀಜ ಕೂತಿದ್ದವು.

ಮಾರ್ಥವ್ವ ಗುಲ್ನಾಜಳ ತೋಳು ಚಿವುಟಿದಳು. “ಯವ್ವಾ, ಕೆಟ್ಟೆ! ನಿನ್ನೆ ಭಜಿ ಕರದ ಎಣ್ಣಿ ಸೋಸಿ ಇಟ್ಟಿದ್ದೆ. ಆ ಬಾಟ್ಲಿನ ತಂದು ಇಟ್ಟೇನಿ!”

“ಹೇಳಿಬಿಡ್ರಿ ಮತ್ತ.”

“ಹುಚ್ಚಿ ಅದೀ ಏನ? ದೇವರಿಗೆ ಕರದ ಎಣ್ಣಿ ಕೊಟ್ಟಾಕಿ ಅಂತ ನಾ ಸಾಯೂತನಕ ಆಡ್ಕೋತಾರ. ತಡಿ, ನಾನ ಕೂಗಿ ಬಿಡಸ್ಕೋತೀನಿ.”

ಕೂಗಿದಳು. ಅಲ್ಲೇ ಎಡವಟ್ಟಾಯಿತು. ಕೊಟ್ಟವಳೇ ವಾಪಸು ಕೇಳುತ್ತಿದ್ದಾಳೆಂದರೆ ಎಣ್ಣೆಯಲ್ಲಿ ಏನೋ ಇದ್ದೇ ಇದೆ ಎಂದು ಹಿಂದಿನ ಬೆಂಚಿನವರೂ ಎದ್ದು ನಿಂತರು. ಇವಳು ಬೆಲೆ ಏರಿಸಿದಷ್ಟೂ ಅವರು ಏರಿಸಿದರು. ಗುಲ್ನಾಜ ನಗು ತಡೆಯಲಾರದೆ ದುಪಟ್ಟಾ ಬಾಯಿಗೆ ತುರುಕಿಕೊಂಡಳು.

ಕೊನೆಗೆ ಎದುರು ಉಳಿದವನು ನೇಕಾರ ಜೀವರತ್ನ. ಅವನ ಹೆಗಲ ಮೇಲೆ ಮೂರು ವರ್ಷದ ಮಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದಳು.

“ಬಿಟ್ಟುಬಿಡ್ರಿ ಮಾರ್ಥಕ್ಕಾ,” ಎಂದ ಅವನು. “ಕೂಸಿಗೆ ನಾಲ್ಕು ದಿನದಿಂದ ಜ್ವರ. ಇವತ್ತ ಗದಗಕ್ಕ ಡಾಕ್ಟರ್ ಕಡೆ ಹೋಗಾಂವಿದ್ದೆ. ಇನ್ನ ಅದೇನ ಬ್ಯಾಡ, ಈ ಎಣ್ಣಿ ಸಾಕು.”

ಗುಲ್ನಾಜ ಬಾಯಿಂದ ದುಪಟ್ಟಾ ತೆಗೆದಳು. ಕೈ ಚಾಚಿ ಮಗುವಿನ ಹಣೆ ಮುಟ್ಟಿದಳು. ಕಾದ ಹಂಚು. ಹೇಳಿರೆಂದು ಮಾರ್ಥವ್ವನ ಕಡೆ ತಿರುಗಿದರೆ, ಅವಳು ಪಕ್ಕದಲ್ಲಿ ಇರಲೇ ಇಲ್ಲ. ಅರವತ್ತೆರಡರ ಮೊಣಕಾಲು ಮರೆತು ಬೆಂಚು ಹತ್ತಿದ್ದಳು.

“ಅದು ಭಜಿ ಎಣ್ಣಿರೋ! ಮೆಣಸಿನಕಾಯಿ ಭಜಿ! ನಿನ್ನೆ ಒಂದು ಸೇರು ಹಿಟ್ಟಿಂದು ಕರದೇನಿ! ಗುಲ್ನಾಜನ್ನ ಕೇಳ್ರಿ, ಆಕೀನೂ ಆರು ತಿಂದಾಳ!”

ಎಲ್ಲರೂ ಗುಲ್ನಾಜಳ ಕಡೆ ತಿರುಗಿದರು. ಆಮೇಲೆ ಮಕ್ಕಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಗಿಯಿತು, ನಗು ಬೆಂಚಿನಿಂದ ಬೆಂಚಿಗೆ ಹಾರಿತು; ಲಿಲಾವು ಕೂಗುವವನೇ ಕಟ್ಟಿಹಾಕಿದ ಕೋಳಿಯ ಪಕ್ಕ ಕುಸಿದು ಕೂತ.

“ಸಂಶಯ ಬೇಡ ತಾಯಿ,” ಎಂದರು ಪ್ರಸಂಗಿ, ಮುಖ ಗಂಟಿಕ್ಕಿ. “ದೇವರು ಯಾವ ಎಣ್ಣೆಯಿಂದಲಾದರೂ ಗುಣಪಡಿಸಬಲ್ಲ.”

“ಪಡಸ್ತಾನ್ರಿ, ನಾ ಎಲ್ಲೆ ಇಲ್ಲ ಅಂದೆ? ಆದರ ಮೂವತ್ತು ವರ್ಷ ನೋಡೇನಿ, ದವಾಖಾನ್ಯಾಗೂ ಅವನ ಇರ್ತಾನ. ಚೀಟಿ ಮಾಡಸೂ ಪಾಳೇದಾಗ ನಮ್ಮ ಬಾಜೂಕ ನಿಂದ್ರತಾನ. ಡಾಕ್ಟರ್ ಕಡೆ ಹೋಗಬ್ಯಾಡ ಅಂತ ನನಗಂತೂ ಒಂದು ದಿನ ಹೇಳಿಲ್ಲ. ಕೂಸಿನ ಜೀವಾ ಮುಂದಿಟ್ಟು, ಉಳಸ್ತೀಯೋ ಇಲ್ಲೋ ನೋಡ್ತೀನಿ ಅಂದ್ರ, ಅದು ನಂಬೂದಲ್ಲರಿ, ಅವನ್ನ ಪರೀಕ್ಷಾ ಮಾಡೂದು.”

ಜೀವರತ್ನ ಬಾಟಲಿ ನೋಡಿದ, ಮಗಳನ್ನು ನೋಡಿದ. “ಸ್ವಾಮಿ ಸಿಟ್ಟಾಗಂಗಿಲ್ಲೇನ್ರಿ, ಅಕ್ಕಾ?”

“ಆದ್ರ ನನ್ನ ಮ್ಯಾಲೆ ಆಗಲಿ. ಕರದ ಎಣ್ಣಿ ಕೊಟ್ಟಾಕಿ ನಾನು. ಕೂಸಿನ್ನ ತಾ ಇಲ್ಲೆ.”

ಅವನು ಕೊಟ್ಟ. ಆ ನಿರಾಳಕ್ಕೆ ಗುಲ್ನಾಜಳಿಗೆ ತಡೆಹಿಡಿದ ನಗುವೆಲ್ಲ ಒಮ್ಮೆಲೇ ನುಗ್ಗಿತು; ಅಸ್ಮಾಳನ್ನು ಎಳೆದುಕೊಂಡು ಹೊರಗೆ ಓಡಿಬಂದಿದ್ದಳು.

“ಯಾಕ ಒದರಿದ್ರು ಅಂದ್ರ,” ಎಂದಳು ಈಗ ಕಣ್ಣೊರೆಸಿಕೊಂಡು, “ಸಣ್ಣಾಗಿ ಹೇಳಿದ್ರ ಯಾರೂ ಕೇಳ್ತಿರಲಿಲ್ಲ ನೋಡವಾ.”

ಅಷ್ಟರಲ್ಲಿ ಮಾರ್ಥವ್ವ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಬರಿಗಾಲಲ್ಲೇ ಮೆಟ್ಟಿಲು ಇಳಿದು ಬಂದಳು.

“ಗುಲ್ನಾಜ, ಒಂದು ಉಪಕಾರ ಮಾಡವಾ. ನಿನ್ನ ಸ್ಕೂಟಿ ತಗಿ, ಜಲ್ದಿ ಗದಗಕ್ಕ ಬಿಡು. ಜೀವರತ್ನ ಹೆಂಡ್ತಿನ್ನ ಕರಕೊಂಡು ಅಟೋದಾಗ ಬರ್ತಾನ. ನಾ ಹಿಂದ ಕುಂತು ಪ್ರಾರ್ಥನಾ ಮಾಡ್ತೀನಿ, ನೀ ಮುಂದ ಹಾರ್ನ್ ಹೊಡಿ.”